ಹಕ್ಕೇ ಇಲ್ಲ ಅಂದ ಮೇಲೆ ಸಹಿ ಯಾಕೆ?

ನಮಸ್ಕಾರ ತಂಗಿ,

ನಿಮ್ಮ ನಾಲ್ಕು ಪುಟದ ಪತ್ರ ಪಂಚಮಿ ಮುಗಿದ ವಾರ ನನ್ನ ಕೈಸೇರಿತು. ಒಂದು ಸಲ ಓದಿ ಎತ್ತಿಟ್ಟೆ. ರಾತ್ರಿ ಊಟ ಆದ ಮೇಲೆ ಮತ್ತೆ ತೆಗೆದು ಓದಿದೆ. ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು. ಅದಕ್ಕೇ ಈ ತಿಂಗಳ ನನ್ನ ಪುಟಗಳನ್ನೆಲ್ಲ ನಿಮಗೇ ಕೊಡುತ್ತಿದ್ದೇನೆ. ಬೇರೆಯವರ ಪತ್ರಗಳಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ, ಅವರು ಬೇಜಾರು ಮಾಡಿಕೊಳ್ಳಬಾರದು.

ಓದುಗರಿಗೆ ವಿಷಯ ಗೊತ್ತಾಗಲಿ ಅಂತ ನಿಮ್ಮ ಪತ್ರದ ಸಾರ ಇಲ್ಲಿ ಹೇಳಿಬಿಡುತ್ತೇನೆ. ನಿಮ್ಮ ತವರು ಚನ್ನಗಿರಿ ಕಡೆ. ನಾಲ್ಕು ಎಕರೆ ಅಡಿಕೆ ತೋಟ, ಎರಡು ಎಕರೆ ಗದ್ದೆ, ಎಲ್ಲ ಅಜ್ಜನ ಕಾಲದಿಂದ ಬಂದದ್ದು. ಅಪ್ಪ ಹೋದ ವರ್ಷ ತೀರಿಕೊಂಡರು, ವಿಲ್ ಬರೆದಿಟ್ಟಿರಲಿಲ್ಲ. ಒಬ್ಬ ಅಣ್ಣ, ಇಬ್ಬರು ಹೆಣ್ಣುಮಕ್ಕಳು. ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋದರು. ಎರಡು ದಿನ ಉಂಡಿ, ತಂಬಿಟ್ಟು, ಜೋಕಾಲಿ. ಮೂರನೇ ದಿನ ಊಟಕ್ಕೆ ಕೂತಾಗ, "ಸೋಮವಾರ ತಾಲೂಕಾಫೀಸಿಗೆ ಹೋಗಿ ಒಂದು ಸಹಿ ಮಾಡಿ ಬಂದುಬಿಡಾಣಮ್ಮಾ, ಏನೂ ಇಲ್ಲ, ಖಾತೆ ಮಾಡಿಸಾಕೆ" ಅಂದರು. ನೀವು ಮೈ ಬೆಚ್ಚಗಿದೆ ಅಂತ ನೆಪ ಹೇಳಿ ವಾಪಸ್ ಬಂದಿರಿ. ಗೌರಿ ಹಬ್ಬದೊಳಗೆ ಬಾ ಅಂತ ಅಣ್ಣ ಹೇಳಿದ್ದಾರೆ. ಈ ಕಡೆ ನಿಮ್ಮ ಯಜಮಾನರು ಸಹಿ ಮಾಡಬೇಡ, ಪಾಲು ತಗೋ, ಮಾರಿ ದಾವಣಗೆರೆಯಲ್ಲಿ ಒಂದು ಸೈಟು ಮಾಡೋಣ ಅನ್ನುತ್ತಿದ್ದಾರೆ. ನಿಮ್ಮ ಕೊನೆಯ ಸಾಲು ಇದು: "ಪಾಲು ಕೇಳಿದ್ರೆ ತವರು ಹೋಗುತ್ತೆ, ಸಹಿ ಮಾಡಿದ್ರೆ ಮನೇಲಿ ನೆಮ್ಮದಿ ಹೋಗುತ್ತೆ, ನಾನೇನು ಮಾಡ್ಲಿ ಅಕ್ಕಾ?"

ಮೊದಲು ನನ್ನ ಕಥೆ ಹೇಳುತ್ತೇನೆ. ಇದನ್ನು ಈ ಪತ್ರಿಕೆಯಲ್ಲಿ ಇದುವರೆಗೆ ಬರೆದಿಲ್ಲ.

ದಾವಣಗೆರೆ ಜಿಲ್ಲೆಯಾದ ವರ್ಷ, 1997ರಲ್ಲಿ, ನಮ್ಮಪ್ಪ ತೀರಿಕೊಂಡರು. ಭದ್ರಾ ನಾಲೆ ಕೆಳಗೆ ನಮ್ಮದು ಐದು ಎಕರೆ ಗದ್ದೆ. ಮೂರು ಎಕರೆ ಹಿರಿಯರದ್ದು, ಎರಡು ಎಕರೆ ಅಪ್ಪನೇ ದುಡಿದು ಕೊಂಡದ್ದು. ವರ್ಷಾಂತಿಕ ಮುಗಿದ ಮೇಲೆ ಅಣ್ಣ ನಮ್ಮಿಬ್ಬರು ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಹೊರಗೆ ಬೇವಿನ ಮರದ ಕೆಳಗೆ ಪತ್ರ ಬರೆಯುವವರು ಟೇಬಲ್ ಹಾಕಿಕೊಂಡಿದ್ದರು. ಕಾಗದ ಆಗಲೇ ಟೈಪಾಗಿತ್ತು. ಅವರು ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದೆ, ಆಮೇಲೆ ಒಳಗೆ ಎಡಗೈ ಹೆಬ್ಬೆಟ್ಟು ಒತ್ತಿದೆ. ನಾನು ಎಂ.ಎ. ಓದಿದವಳು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಉತ್ತರ ಬರೆಯುತ್ತಿದ್ದವಳು ಆ ಕಾಗದದ ಒಂದು ಸಾಲನ್ನೂ ಓದಲಿಲ್ಲ. ಓದಿದರೆ ಅಣ್ಣನ ಮೇಲೆ ನಂಬಿಕೆ ಇಲ್ಲ ಅಂದಂತಾಗುತ್ತದೆ ಅನ್ನೋ ಸಂಕೋಚ. ಹೊರಗೆ ಬಂದ ಮೇಲೆ ಅಣ್ಣ ಇಬ್ಬರಿಗೂ ಬೆಣ್ಣೆ ದೋಸೆ ತಿನ್ನಿಸಿದ, ಆಮೇಲೆ ಮಂಡಿಪೇಟೆಯಲ್ಲಿ ಒಂದೊಂದು ಸೀರೆ ಕೊಡಿಸಿದ. ದೋಸೆ ಮುರಿಯಲು ಹೋದಾಗ ಹೆಬ್ಬೆಟ್ಟಿನ ಮಸಿ ಇನ್ನೂ ಹೋಗಿರಲಿಲ್ಲ. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ತಿಂದದ್ದು ಇವತ್ತಿಗೂ ನೆನಪಿದೆ.

ನಮ್ಮಣ್ಣ ಕೆಟ್ಟವನಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅವನಿಗೂ ಅದು ತಪ್ಪು ಅಂತ ಅನ್ನಿಸಿರಲೇ ಇಲ್ಲ. ಊರಲ್ಲಿ ಎಲ್ಲರೂ ಮಾಡಿದ್ದನ್ನೇ ಅವನೂ ಮಾಡಿದ. ಆದರೆ ಹನ್ನೊಂದು ವರ್ಷ ಆದ ಮೇಲೆ ನನ್ನ ಗಂಡನಿಗೆ ಆಪರೇಷನ್ ಆಗಬೇಕಾಯಿತು. ಕೈಯಲ್ಲಿ ದುಡ್ಡಿರಲಿಲ್ಲ. ನಾನು ಬಸ್ ಹತ್ತಿ ತವರಿಗೆ ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಮಾತು ಹೇಗೆ ಶುರು ಮಾಡೋದು ಅಂತ ಗೊತ್ತಾಗದೆ ಅತ್ತಿಗೆ ಕೊಟ್ಟ ಚಹಾ ಆರಿ ಹೋಗುವವರೆಗೆ ಸುಮ್ನೆ ಕೂತಿದ್ದೆ. ಆ ವರ್ಷ ಅಣ್ಣ ಅಪ್ಪನ ಗದ್ದೆಯಲ್ಲಿ ರಸ್ತೆ ಪಕ್ಕದ ಅರ್ಧ ಎಕರೆ ಮಾರಿದ್ದ. ನಲವತ್ತು ಸಾವಿರ ಕೊಟ್ಟ. ಪ್ರೀತಿಯಿಂದಲೇ ಕೊಟ್ಟ. ನಾನು ಅದನ್ನು ಸಾಲ ಅಂತ ತಂದು, ಎರಡು ವರ್ಷ ಕಂತು ಕಂತಾಗಿ ತೀರಿಸಿದೆ. ನನ್ನ ಪಾಲೂ ಸೇರಿದ್ದ ಗದ್ದೆಯ ದುಡ್ಡಿಗೆ ನಾನೇ ಸಾಲಗಾರ್ತಿ. ಅಣ್ಣನ ಮೇಲೆ ಸಿಟ್ಟಿಲ್ಲ, ಆದರೆ ಬಸ್ಸಲ್ಲಿ ವಾಪಸ್ ಬರುವಾಗ ಹೊಟ್ಟೆಯೊಳಗೆ ಆದ ಸಂಕಟಕ್ಕೆ ಇವತ್ತಿಗೂ ನನ್ನ ಹತ್ತಿರ ಸರಿಯಾದ ಮಾತಿಲ್ಲ.

ಆಮೇಲೇ ನಾನು ಕಾನೂನು ಓದಲು ಶುರು ಮಾಡಿದ್ದು. ಒಬ್ಬ ಹಿರಿಯ ವಕೀಲರ ಹತ್ತಿರ ಹೋಗಿ, "ಸಾರ್, ಆಗ ನನಗೆ ಹಕ್ಕೇ ಇರಲಿಲ್ಲವಂತೆ, ಮದುವೆಯಾದವಳು ಅಂತ ಎಲ್ಲರೂ ಹೇಳಿದ್ದರು" ಅಂದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, "ಹಕ್ಕೇ ಇಲ್ಲ ಅಂದ ಮೇಲೆ ನಿಮ್ಮ ಸಹಿ ಯಾಕಮ್ಮಾ ಬೇಕಿತ್ತು?" ಅಂತ ಕೇಳಿದರು.

ತಂಗಿ, ಈ ಒಂದು ಪ್ರಶ್ನೆಯನ್ನು ನೀವು ಇಟ್ಟುಕೊಳ್ಳಿ. ಬರೀ ಖಾತೆ ಬದಲಾವಣೆಗೆ ನಿಮ್ಮನ್ನು ಅಷ್ಟು ದೂರದಿಂದ ಕರೆಸಿ ಹೆಬ್ಬೆಟ್ಟು ಒತ್ತಿಸುತ್ತಿಲ್ಲ. ನಿಮ್ಮ ಮುಂದೆ ಇಡುವ ಕಾಗದದ ಮೇಲೆ "ಹಕ್ಕು ಖುಲಾಸೆ ಪತ್ರ" ಅಥವಾ "ಹಕ್ಕು ಬಿಡುಗಡೆ ಪತ್ರ" ಅಂತ ಬರೆದಿರುತ್ತದೆ. ಇರುವ ಹಕ್ಕನ್ನು ಬಿಟ್ಟುಕೊಟ್ಟೆ ಅಂತ ಅದರ ಅರ್ಥ. ಅಪ್ಪ ಹೋದ ಮೇಲೆ ಮಾಡಿಸುವ ಪೌತಿ ಖಾತೆ ಬೇರೆ. ಅದಕ್ಕೆ ಮರಣ ಪ್ರಮಾಣ ಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರೆಲ್ಲರ ಹೆಸರನ್ನೂ ಪಹಣಿಗೆ ಜಂಟಿಯಾಗಿ ಸೇರಿಸಬಹುದು. ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಅಣ್ಣನಿಗೆ ಬೇಕಿರುವುದು ನಿಜವಾಗಿ ಖಾತೆ ಆದರೆ ಅದಕ್ಕೆ ದಾರಿ ಇದೆ. ಹಾಂ, ವಂಶವೃಕ್ಷದಲ್ಲಿ ನಿಮ್ಮಿಬ್ಬರ ಹೆಸರು ಇದೆಯಾ ಅಂತ ತಪ್ಪದೆ ನೋಡಿ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ವಂಶವೃಕ್ಷ ಮಾಡಿಸಿದ ಎಷ್ಟೋ ಮನೆಗಳನ್ನು ನಾನೇ ನೋಡಿದ್ದೇನೆ.

ಇನ್ನು ಕಾನೂನು. ಇದರಲ್ಲಿ ನಮ್ಮ ಸೀಮೆಗೆ ಒಂದು ಹಳೇ ಕಥೆ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ದುರ್ಗ, ದಾವಣಗೆರೆ ಎಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆ ಮೈಸೂರಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆ ಒಂದು ಕಾಯ್ದೆ ಬಂದಿತ್ತು. ಮನೆ ಭಾಗ ಆಗುವಾಗ ಮದುವೆಯಾಗದ ಹೆಣ್ಣುಮಗಳಿಗೆ ಅಣ್ಣತಮ್ಮನ ಪಾಲಿನ ಕಾಲು ಭಾಗ ಕೊಡಬೇಕು ಅಂತ ಅದರಲ್ಲಿತ್ತು. ಕಾಲು ಭಾಗ ಕಡಿಮೆ, ನಿಜ. ಆದರೂ ನಮ್ಮ ಅಜ್ಜಿಯರ ಕಾಲದಲ್ಲೇ ಕಾನೂನು ಬಾಗಿಲು ತಟ್ಟಿತ್ತು, ಮನೆಯವರು ತೆಗೆಯಲಿಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಪ್ಪ ವಿಲ್ ಬರೆಯದೆ ಹೋದರೆ ಅವರ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಪಿತ್ರಾರ್ಜಿತದಲ್ಲಿ ಅಪ್ಪನ ಭಾಗಕ್ಕೆ ಬರುವುದರಲ್ಲೂ ಪಾಲು. ಅಲ್ಲೇ ನಾನು ಸಹಿ ಮಾಡಿ ಕಳೆದುಕೊಂಡದ್ದು. 1994ರ ಜುಲೈ 30ರಿಂದ ನಮ್ಮ ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಮಾಡಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ನನ್ನ ವಯಸ್ಸಿನವರೆಲ್ಲ ಆಗ ಹೊರಗುಳಿದೆವು.

2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ತಿದ್ದುಪಡಿ ಬಂತು. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು. ಅಪ್ಪ ಆ ದಿನ ಬದುಕಿರಬೇಕಿತ್ತು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು, ಅದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸರಿಪಡಿಸಿ, ಅಪ್ಪ ಬದುಕಿರಬೇಕಾಗಿಲ್ಲ, ಹಕ್ಕು ಮಗಳ ಹುಟ್ಟಿನಿಂದಲೇ ಬರುತ್ತದೆ ಅಂತ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿ ಇಲ್ಲವೇ ಕೋರ್ಟ್ ಡಿಕ್ರಿಯಿಂದ ಮುಗಿದುಹೋದ ವಿಭಾಗಗಳನ್ನು ಕೆದಕುವಂತಿಲ್ಲ. ನಿಮ್ಮ ವಿಷಯದಲ್ಲಿ ಈ ಯಾವ ತೊಡಕೂ ಇಲ್ಲ. ಭಾಗವೇ ಆಗಿಲ್ಲ, ಅಪ್ಪ ಹೋದದ್ದು ಹೋದ ವರ್ಷ. ನಾವು ಲಿಂಗಾಯತರು, ನಮಗೂ ಇದೇ ಕಾನೂನಾ ಅಂತ ಕೇಳಿದ್ದೀರಿ. ಹೌದು. ಕಾಯ್ದೆಯ ಎರಡನೇ ಕಲಮಿನಲ್ಲೇ ವೀರಶೈವ, ಲಿಂಗಾಯತ ಅಂತ ಹೆಸರು ಹಾಕಿ ಬರೆದಿದ್ದಾರೆ. ಎಷ್ಟು ಪಾಲು ಬರುತ್ತದೆ ಅನ್ನೋ ಲೆಕ್ಕವನ್ನು ವಕೀಲರು ಕಾಗದ ನೋಡಿಯೇ ಹಾಕಬೇಕು. ನಾನು ಇಲ್ಲಿ ಕೂತು ಹಾಕಲ್ಲ.

ಈಗ ತವರಿನ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ಕಣ್ಣೀರು ಬಿದ್ದ ಗುರುತು ಇರುವುದು ಅಲ್ಲೇ.

ಪಂಚಮಿಗೆ ಅಣ್ಣ ಕರೆಯಲು ಬರುವುದು, ಮಡಿಲಕ್ಕಿ ಹಾಕುವುದು, ಹೊರಡುವಾಗ ಅವ್ವ ಕುಂಕುಮ ಹಚ್ಚಿ ಕೈಗೆ ನೂರು ರೂಪಾಯಿ ಮಡಚಿ ಇಡುವುದು, ಇವೆಲ್ಲ ನನಗೂ ಪ್ರಾಣ. ಇವನ್ನು ಹೀಯಾಳಿಸುವವರ ಜೊತೆ ನಾನು ಸೇರುವುದಿಲ್ಲ. ಆದರೆ "ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಟ್ಟರಾಯಿತು" ಅನ್ನುವ ಮಾತು ಕೇಳಿದಾಗ ನನಗೆ ಮೈ ಉರಿಯುತ್ತದೆ. ಆರು ಎಕರೆ ಜಮೀನಿನ ಎದುರಿಗೆ ಒಂದು ಸೀರೆ, ಒಂದು ಕುಪ್ಪಸದ ಕಣ ಇಟ್ಟು ಸರಿಹೋಯಿತು ಅನ್ನುವುದನ್ನು ಸಂಪ್ರದಾಯ ಅಂತ ನಾನು ಒಪ್ಪಲ್ಲ. ಇನ್ನೊಂದು ಮಾತು ಬರುತ್ತದೆ ನೋಡಿ, ಮದುವೆಗೆ ಇಷ್ಟು ಖರ್ಚು ಮಾಡಿದೆವು, ಇಷ್ಟು ತೊಲ ಬಂಗಾರ ಹಾಕಿದೆವು ಅಂತ. ಅಣ್ಣನ ಮದುವೆಗೂ ಖರ್ಚಾಗಿತ್ತಲ್ವಾ? ಅದನ್ನು ಅವನ ಪಾಲಲ್ಲಿ ಯಾರಾದರೂ ಕಳೆದರಾ? ಗಂಡಿನ ಕಡೆಯವರಿಗೆ ಕೊಟ್ಟ ವರದಕ್ಷಿಣೆ ನಿಮ್ಮ ಕೈಗೆ ಬರಲೇ ಇಲ್ಲ. 1961ರಿಂದ ಅಪರಾಧ ಅಂತ ಇರುವ ಒಂದು ವ್ಯವಹಾರವನ್ನು ಪಾಲಿನ ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ?

ದುರ್ಗದಲ್ಲಿ ನಾವು ಓಬವ್ವನ ಹೆಸರಲ್ಲಿ ಸ್ಟೇಡಿಯಂ ಮಾಡಿದ್ದೇವೆ, ನವೆಂಬರ್ 11ಕ್ಕೆ ಜಯಂತಿ ಮಾಡುತ್ತೇವೆ. ಕೋಟೆಯ ಆ ಕಿಂಡಿ ಮುಂದೆ ನಿಂತರೆ ನನಗೂ ಎದೆ ತುಂಬಿ ಬರುತ್ತದೆ. ಅದೇ ನಾವು, ಮನೆಯ ಮಗಳು ಪಹಣಿಯಲ್ಲಿ ತನ್ನ ಹೆಸರು ಕೇಳಿದರೆ ಗಂಡುಬೀರಿ, ಮನೆಮುರುಕಿ ಅನ್ನುತ್ತೇವೆ. ಇದು ನೋವಿನ ಸಂಗತಿ, ಬೇರೆ ಏನು ಹೇಳಲಿ.

ಸಹಿ ಮಾಡಿದರೆ ತವರು ಉಳಿಯುತ್ತದೆ ಅನ್ನುವುದೂ ನಿಜ ಆಗಿಬಿಡುವುದಿಲ್ಲ. ನನ್ನ ಅಣ್ಣ ಹೋಗಿ ಆರು ವರ್ಷ ಆಯಿತು. ಅವನ ಮಕ್ಕಳು ಬೆಂಗಳೂರಲ್ಲಿದ್ದಾರೆ, ಗದ್ದೆ ಲೇಔಟ್ ಆಗಿದೆ. ಪಂಚಮಿಗೆ ಈಗ ಯಾರೂ ಬರುವುದಿಲ್ಲ. ಇನ್ನೊಂದು ಕಡೆ, ನನಗೆ ಚೆನ್ನಾಗಿ ಗೊತ್ತಿರುವ ಒಬ್ಬಾಕೆ ಹರಿಹರದ ಹತ್ತಿರದವಳು, ಗಟ್ಟಿಯಾಗಿ ಕೂತು ಮಾತಾಡಿ ಪಾಲು ತಗೊಂಡಳು. ಅಣ್ಣ ಮೂರು ವರ್ಷ ಮಾತು ಬಿಟ್ಟಿದ್ದ. ಆಮೇಲೆ ಮಗಳ ಮದುವೆಗೆ ಕರೆಯಲು ಬಂದ, ಸೋದರತ್ತೆ ಇಲ್ಲದೆ ಅರಿಶಿನ ಹಚ್ಚೋರು ಯಾರು ಅಂತ. ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಮಾತು ಬಿಟ್ಟವರು ಬಿಟ್ಟೇ ಇರುವ ಮನೆಗಳೂ ಇವೆ. ಆ ನೋವು ನಿಮಗೆ ಬಂದರೆ ಅದನ್ನು ಹೊರಬೇಕಾದವರು ನೀವೇ, ನಾನಲ್ಲ. ಅದಕ್ಕೇ ಹೀಗೇ ಮಾಡಿ ಅಂತ ನಾನು ಆಜ್ಞೆ ಮಾಡುತ್ತಿಲ್ಲ.

ಅಣ್ಣನ ಕಷ್ಟವನ್ನೂ ನೋಡಬೇಕು. ಇಪ್ಪತ್ತು ವರ್ಷದಿಂದ ತೋಟ ನೋಡಿಕೊಂಡವರು ಅವರು. ಬೋರು ಕೊರೆಸಿ ನೀರು ಬೀಳದೆ ಕೂತದ್ದು, ಸೊಸೈಟಿ ಸಾಲ, ಅಪ್ಪನ ಆಸ್ಪತ್ರೆ ಓಡಾಟ, ಎಲ್ಲ ಅವರ ತಲೆ ಮೇಲೆ ಬಂತು ಅಂತ ನೀವೇ ಬರೆದಿದ್ದೀರಿ. ಪಾಲು ಕೇಳುವಾಗ ಸಾಲದಲ್ಲೂ ಪಾಲು ಹೊರುತ್ತೇನೆ ಅಂತ ಬಾಯಿಬಿಟ್ಟು ಹೇಳಿ. ಪಾಲು ಅಂದ ತಕ್ಷಣ ಬೇಲಿ ಹಾಕಿ ಮಾರಬೇಕು ಅಂತಿಲ್ಲ. ಪಹಣಿಯಲ್ಲಿ ಜಂಟಿಯಾಗಿ ಹೆಸರಿರಲಿ, ತೋಟ ಅವರೇ ಮಾಡಲಿ. ಖೇಣಿ, ಅಂದರೆ ಫಸಲನ್ನು ಗುತ್ತಿಗೆ ಕೊಟ್ಟಾಗ ಬಂದದ್ದರಲ್ಲಿ ಗೊಬ್ಬರ, ಕೂಲಿ, ಅವರ ದುಡಿಮೆ ಕಳೆದು ನಿಮಗೆ ಇಷ್ಟು ಅಂತ ಮಾತಾಡಿಕೊಳ್ಳಿ. ಅಥವಾ ಗದ್ದೆಯಲ್ಲಿ ಅರ್ಧ ಎಕರೆ ಸಾಕು ಅನ್ನಿಸಿದರೆ ಆ ಭಾಗವನ್ನು ಅಳೆದು ತೋರಿಸುವ 11ಇ ಸರ್ವೆ ನಕ್ಷೆ ಮಾಡಿಸಿ ಅಷ್ಟೇ ತಗೊಂಡು, ಉಳಿದದ್ದನ್ನು ಅಣ್ಣನಿಗೆ ನೀವೇ ಕೊಡಿ. ಪೂರ್ತಿ ಬಿಟ್ಟುಕೊಡುವ ಮನಸ್ಸಿದೆಯಾ, ಅದೂ ನಿಮ್ಮ ಇಷ್ಟ. ಆದರೆ ಕಾಗದ ಓದಿ, ಸರ್ವೆ ನಂಬರ್ ನೋಡಿ, ಇಷ್ಟು ನನ್ನದಿತ್ತು, ಇಷ್ಟನ್ನು ನಾನು ಕೊಡುತ್ತಿದ್ದೇನೆ ಅಂತ ಅಣ್ಣನ ಮುಖ ನೋಡಿ ಹೇಳಿ ಕೊಡಿ. ಆಗ ಅವರಿಗೂ ತಾವು ಪಡೆದದ್ದೇನು ಅಂತ ಗೊತ್ತಿರುತ್ತದೆ. ರಿಜಿಸ್ಟರ್ ಆದ ಮೇಲೆ ಹಿಂದಕ್ಕೆ ಪಡೆಯಲು ಕೋರ್ಟಿಗೇ ಹೋಗಬೇಕು, ಅದು ವರ್ಷಗಟ್ಟಲೆ ಎಳೆಯುತ್ತದೆ.

ಇನ್ನು ನಿಮಗೆ ಇಷ್ಟವಾಗದ ಒಂದು ಮಾತು ಹೇಳಬೇಕಾಗಿದೆ. ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಇದೆ. "ನಮ್ಮ ನಾದಿನಿ 2016ರಲ್ಲೇ ನಮ್ಮ ಯಜಮಾನರಿಗೆ ಸಹಿ ಮಾಡಿಕೊಟ್ಟಳು, ಒಂದು ಮಾತೂ ಆಡಲಿಲ್ಲ, ನಾನೂ ಒಳ್ಳೇ ಸೀರೆ ಉಡಿಸಿ ಕಳಿಸಿದೆ." ಒಳ್ಳೆಯ ಹೆಣ್ಣುಮಗಳು ಅನ್ನುವುದಕ್ಕೆ ಉದಾಹರಣೆಯಾಗಿ ಇದನ್ನು ಬರೆದಿದ್ದೀರಿ. ಬರೆಯುವಾಗ ನಿಮ್ಮ ಕೈ ನಿಲ್ಲಲಿಲ್ಲವಾ? ಹೆಂಡತಿಯ ಪಾಲು ಬೇಕು ಅನ್ನುವ ನಿಮ್ಮ ಯಜಮಾನರು ತಂಗಿಯ ಪಾಲನ್ನು ಆಗಲೇ ತಗೊಂಡಿದ್ದಾರೆ. ಇದನ್ನು ಅವರ ಜೊತೆ ಕೂತು ಮಾತಾಡುವುದು ಕಷ್ಟ ಅಂತ ಗೊತ್ತು. ಆದರೂ ಅಣ್ಣನ ಹತ್ತಿರ ಹೋಗುವ ಮೊದಲು ನಾದಿನಿಗೆ ಒಂದು ಫೋನ್ ಮಾಡಿ. ಆ ದಿನ ನೀನು ಕಾಗದ ಓದಿದ್ಯಾ ಅಂತ ಕೇಳಿ. ಏನು ಹೇಳುತ್ತಾಳೋ ಕೇಳಿಸಿಕೊಳ್ಳಿ.

ಸೈಟಿನ ವಿಷಯ. ತವರಿನಿಂದ ನಿಮಗೆ ಬಂದದ್ದು ನಿಮ್ಮ ಸ್ವಂತದ್ದು. 1956ರ ಕಾಯ್ದೆಯ 14ನೇ ಕಲಂ ಪ್ರಕಾರ ಅದರ ಪೂರ್ಣ ಒಡತಿ ನೀವು. ಮಾರುವುದು, ಇಟ್ಟುಕೊಳ್ಳುವುದು ನಿಮ್ಮ ತೀರ್ಮಾನ. ಮಾರಿ ಸೈಟು ತಗೊಂಡರೆ ಅದು ಯಾರ ಹೆಸರಿಗೆ ಅಂತ ನಿಮ್ಮ ಪತ್ರದಲ್ಲಿ ಬರೆದಿಲ್ಲ. ಅಣ್ಣನ ಹೆಸರಿನಿಂದ ಬಿಡಿಸಿ ಗಂಡನ ಹೆಸರಿಗೆ ಹಾಕುವುದಾದರೆ, ತಂಗಿ, ಇಷ್ಟೆಲ್ಲ ಸಂಕಟ ಯಾರಿಗಾಗಿ?

ವಕೀಲರಿಗೆ ದುಡ್ಡು ಎಲ್ಲಿಂದ ತರಲಿ ಅಂದಿದ್ದೀರಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ನಮ್ಮಲ್ಲೂ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡಬೇಕು ಅಂತ 1987ರ ಕಾಯ್ದೆಯೇ ಹೇಳುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅಲ್ಲಿಗೆ ಹೋದ ಕೂಡಲೇ ಕೇಸು ಹಾಕಿಬಿಡುತ್ತಾರೆ ಅಂತ ಹೆದರಬೇಡಿ. ಇಬ್ಬರನ್ನೂ ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಇದೆ. ಊರ ಹಿರಿಯರ ಮುಂದೆ ನಿಂತು ಮಾತಾಡುವುದಕ್ಕಿಂತ ಅದು ಎಷ್ಟೋ ವಾಸಿ ಅಂತ ನನ್ನ ಅನಿಸಿಕೆ. ಅದಕ್ಕೂ ಮೊದಲು ಒಂದು ಚಿಕ್ಕ ಕೆಲಸ: ಅಣ್ಣನಿಗೆ ಫೋನ್ ಮಾಡಿ, "ಬರ್ತೀನಿ ಅಣ್ಣಾ, ಆ ಕಾಗದದ್ದೊಂದು ಜೆರಾಕ್ಸ್ ಕಳಿಸು, ಓದ್ಕೊಂಡು ಬರ್ತೀನಿ" ಅನ್ನಿ. ಅಷ್ಟೇ. ನಿಮ್ಮ ಅಕ್ಕನಿಗೂ ಹೇಳಿ, ಅವರೂ ಇದನ್ನೇ ಕೇಳಲಿ. ಜೆರಾಕ್ಸ್ ಬಂದರೆ ನನಗೂ ಒಂದು ಪ್ರತಿ ಕಳಿಸಿ. ಅವತ್ತು ನಾನು ಓದದೆ ಬಿಟ್ಟಿದ್ದನ್ನು ಇವತ್ತು ನಿಮ್ಮ ಜೊತೆ ಕೂತು ಸಾಲು ಸಾಲು ಓದುತ್ತೇನೆ.

ಹೆಸರು, ಊರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಅವ್ವ ಪ್ರತಿ ತಿಂಗಳು ಕನ್ನಡಕ ಹಾಕಿಕೊಂಡು ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ, ಅವರಿಗೆ ನೋವಾಗಬಾರದು ಅಂತ ಕಾರಣ ಕೊಟ್ಟಿದ್ದೀರಿ. ಹಾಗಾದರೆ ಅವರಿಗೂ ಎರಡು ಮಾತು.

ಅವ್ವಾ, ಇದು ಯಾರ ಮಗಳ ಪತ್ರ ಅಂತ ನಾನು ಹೇಳುವುದಿಲ್ಲ. ಆದರೆ ಮನೆಯವರು ತೀರಿಕೊಂಡಾಗ ಹೆಂಡತಿಗೂ ಮಕ್ಕಳ ಸಮ ಒಂದು ಪಾಲು ಬರುತ್ತದೆ. ವಂಶವೃಕ್ಷದಲ್ಲಿ ಮೊದಲು ಬರುವ ಹೆಸರು ನಿಮ್ಮದೇ. ನಿಮ್ಮ ಹತ್ತಿರವೂ ಒಂದು ಸಹಿ ಕೇಳಿರಬೇಕು, ಇಲ್ಲವೇ ಕೇಳಲಿದ್ದಾರೆ. ಆ ಕಾಗದ ಬಂದ ದಿನ ಈ ಪತ್ರಿಕೆ ಓದುವ ಹಾಗೇ ಕನ್ನಡಕ ಹಾಕಿಕೊಂಡು ಅದನ್ನೂ ಓದಿ.